ಎರಡನೇ ಸಲ ಕೇಳದವರು

ಆ ಊರಿನ ಅಂಗಡಿಬೀದಿಯವರಿಗೆ ಪುಕ್ಕಟೆ ಸಿಗುತ್ತಿದ್ದ ತಮಾಷೆ ಒಂದಿತ್ತು. ಬೈಂಡಕ್ಕ ಬಂದು ಛತ್ರಿಗೆಷ್ಟು ಅಂತ ಕೇಳಿದರೆ ಇನ್ನೂರರ ಛತ್ರಿಗೆ ನಾನೂರು ಅನ್ನುವುದು. ಕೈಯಲ್ಲಿದ್ದರೆ ಅವಳು ನಾನೂರನ್ನೂ ಕೊಟ್ಟು ಹೋಗುವಳು, ಇಲ್ಲದಿದ್ದರೆ ಸರಿ ಅಂತ ತಲೆಯಾಡಿಸಿ ಮಳೆಯಲ್ಲಿ ನೆನೆದುಕೊಂಡೇ ಹೋಗುವಳು. ಸ್ವಲ್ಪ ಬಿಟ್ಟುಕೊಡಿ ಅನ್ನುವ ಮಾತು ಅವಳ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಅವಳು ಬೀದಿಯ ತಿರುವು ದಾಟುವುದೇ ತಡ, ಅಂಗಡಿಯವರು ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡು ನಗುತ್ತಿದ್ದರು. ನಗಲಿ ಬಿಡಿ, ಹಲ್ಲಿರುವ ತನಕ ತಾನೇ ನಗು.

ಬೈಂಡಕ್ಕನಿಗೆ ಆಗ ಐವತ್ತಮೂರು ವರ್ಷ. ಸರ್ಕಾರಿ ಕಚೇರಿಯ ಹಿಂದಿನ ಓಣಿಯಲ್ಲಿ ಅವಳದು ಒಂದೂವರೆ ಕೋಣೆಯ ಬೈಂಡಿಂಗ್ ಅಂಗಡಿ. ಅರ್ಧ ಕೋಣೆಯನ್ನು ಕಬ್ಬಿಣದ ಪ್ರೆಸ್ಸೊಂದೇ ನುಂಗಿತ್ತು. ಉಳಿದ ಒಂದರಲ್ಲಿ ಹೊಲಿಯುವ ಮರದ ಚೌಕಟ್ಟು, ಅಂಟಿನ ಡಬರಿ, ರೆಕ್ಸಿನ್ ಸುರುಳಿ, ಮೇಣ ಸವರಿದ ದಾರದ ಉಂಡೆ, ಜೊತೆಗೆ ಅವಳು. ಕಚೇರಿಯ ರಿಜಿಸ್ಟರುಗಳೆಲ್ಲ ಹೊಲಿಗೆ ಬಿಚ್ಚಿ, ಬೆನ್ನು ಮುರಿದುಕೊಂಡು ಅವಳ ಹತ್ತಿರ ಬರುತ್ತಿದ್ದವು, ನೆಟ್ಟಗಾಗಿ ವಾಪಸ್ ಹೋಗುತ್ತಿದ್ದವು. ಊರಿನಲ್ಲಿ ಹುಟ್ಟಿದ್ದು, ಸತ್ತದ್ದು, ಕೊಂಡದ್ದು, ಮಾರಿದ್ದು ಎಲ್ಲ ಅವಳ ದಾರದಲ್ಲೇ ಕೂತಿದ್ದವು ಅನ್ನಿ. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಅವಳಿಗೆ ಒಂದು ಮಾತು ಹೇಳಿದ್ದ: ಬೈಂಡಿಂಗಿನವರ ಬೆರಳಿಗೆ ಓದು ಬರಬೇಕು, ಕಣ್ಣಿಗೆ ಬರಬಾರದು. ಮೂವತ್ತು ವರ್ಷ ಅವಳು ಅದನ್ನು ಪಾಲಿಸಿದ್ದಳು. ಹಾಳೆಯ ಸಂಖ್ಯೆ ನೋಡುವಳು, ಅದರ ಕೆಳಗೆ ಏನು ಬರೆದಿದೆ ಅಂತ ನೋಡುತ್ತಿರಲಿಲ್ಲ.

ಅವಳ ಕಡೆಯವರು ಆ ಊರಲ್ಲಿ ಮೂವತ್ತೆಂಟು ಮನೆ. ಊರೆಲ್ಲ ಒಂದು ಮತ, ಇವರದು ಬೇರೆ. ಊರವರು ಇಟ್ಟ ಹೆಸರು 'ಒಂದ್ಸಲದವರು'. ಬೈಗುಳದ ಹಾಗೇ ಇಟ್ಟಿದ್ದರು, ಆದರೆ ಹೆಸರೇನೋ ಸುಳ್ಳಲ್ಲ. ದೇವರು ಕಿವುಡನಲ್ಲ, ಒಂದು ಸಲ ಕೇಳಿದರೆ ಅವನಿಗೆ ಕೇಳಿಸುತ್ತದೆ, ಎರಡನೇ ಸಲ ಕೇಳುವವನು ಅವನನ್ನು ಕಿವುಡ ಅಂದ ಹಾಗೆ, ಇದು ಅವರ ಧರ್ಮದ ಬುಡ. ಮನುಷ್ಯರ ವಿಷಯದಲ್ಲೂ ಅದೇ ನಡವಳಿಕೆ. ಒಂದು ಸಲ ಕೇಳುವುದು ಮರ್ಯಾದೆ, ಎರಡನೇ ಸಲ ಕೇಳುವುದು ಕೊರಳಪಟ್ಟಿ ಹಿಡಿದ ಹಾಗೆ. ಮೌನ ಸಮ್ಮತಿಯ ಲಕ್ಷಣ ಅಂತ ಲೋಕವೆಲ್ಲ ಹೇಳಿದರೆ ಇವರಿಗೆ ಮೌನ ಅಂದರೆ 'ಇಲ್ಲ' ಅಂತ. ಎದುರಿನವನು ಉತ್ತರ ಕೊಡದಿದ್ದರೆ ತಲೆಬಾಗಿ ಎದ್ದು ಬರುವುದು, ಅಷ್ಟೆ. ಇಂಥವರನ್ನು ಕಂಡರೆ ಅಂಗಡಿಯವನಿಂದ ಹಿಡಿದು ಸರ್ಕಾರದವರೆಗೆ ಎಲ್ಲರಿಗೂ ಎಷ್ಟು ಪ್ರೀತಿ ಇರಬೇಡ!

ಆ ನಡವಳಿಕೆಗೆ ಬೈಂಡಕ್ಕನ ಬದುಕೇ ಒಂದು ಸಲ ಸಿಕ್ಕಿಕೊಂಡಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅವರದೇ ಮತದ ಒಬ್ಬ, ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದ. ಇವಳಿಗೆ ನಾಚಿಕೆ, ಜೊತೆಗೆ ಸ್ವಲ್ಪ ಬಿಂಕ. ಯೋಚಿಸ್ತೀನಿ ಅಂದುಬಿಟ್ಟಳು. ಬೇರೆ ಮತದ ಹುಡುಗನಾಗಿದ್ದರೆ ಮಾರನೇ ದಿನ ಮತ್ತೆ ಬಂದು ಹಲ್ಲು ಕಿರಿಯುತ್ತಿದ್ದ. ಇವನು ಸರಿ ಅಂದು ಹೋದ, ಆರು ತಿಂಗಳಿಗೆ ಬೇರೆ ಕಡೆ ಮದುವೆಯಾದ. ಅವನದೇನೂ ತಪ್ಪಿಲ್ಲ, ಅವನು ಮರ್ಯಾದಸ್ಥ. ಮರ್ಯಾದೆ ಕಟ್ಟಿಕೊಂಡು ಬೈಂಡಕ್ಕ ಅಪ್ಪನ ಮನೆಯಲ್ಲೇ ಉಳಿದಳು.

ಅಪ್ಪನಿಗೆ ಎಂಬತ್ತೊಂದು. ಆ ಮತದ ಹಿರಿಯ ಅವನೇ. ಪ್ರಾರ್ಥನೆಯ ಕೋಣೆ ಇದ್ದದ್ದೂ ಅವನ ಹೆಸರಲ್ಲೇ. ಕೋಣೆ ಅಂದರೆ ಅಂಥದ್ದೇನಲ್ಲ, ಉದ್ದನೆಯ ಹಂಚಿನ ಕೋಣೆ, ಎರಡು ಸಾಲು ಬೆಂಚು, ಒಂದು ಗಡಿಯಾರ. ವಾರಕ್ಕೊಮ್ಮೆ ಬೆಳಿಗ್ಗೆ ಬಂದು ಎಲ್ಲರೂ ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರುವುದು, ಎದ್ದು ಹೋಗುವುದು. ಯಾರಾದರೂ ಸತ್ತರೆ ಹೆಣವನ್ನು ಮಧ್ಯದಲ್ಲಿ ಇಟ್ಟುಕೊಂಡು ಮೂವತ್ತೆಂಟು ಮನೆಯವರೂ ಸುತ್ತ ಅದೇ ಒಂದು ಗಂಟೆ ಕೂರುವುದು. ಆ ಗಂಟೆ ಸಿಗದೆ ಹೋದವನು ಒಬ್ಬನೇ ಹೋದ ಹಾಗೆ ಅಂತ ಅವರ ನಂಬಿಕೆ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಬಾಗಿಲಿಗೆ ಬೀಗ ಬಿತ್ತು. ಬೀಗದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಅರಗು, ಅರಗಿನ ಮೇಲೆ ಮುದ್ರೆ. ಪಕ್ಕದಲ್ಲಿ ಅಂಟಿಸಿದ ಕಾಗದದಲ್ಲಿ, ಈ ಸ್ಥಳದಿಂದ ಸಾರ್ವಜನಿಕ ಶಾಂತಿಗೆ ಭಂಗ ಬರುತ್ತಿರುವುದರಿಂದ ಮುಂದಿನ ಆದೇಶದವರೆಗೆ ಮುಚ್ಚಲಾಗಿದೆ ಅಂತ ಇತ್ತು. ತುಟಿ ಪಿಟಕ್ಕೆನ್ನದೆ ಕೂರುವವರಿಂದ ಶಾಂತಿಗೆ ಭಂಗವಂತೆ! ಹೇಳುವವನಿಗೆ ಬುದ್ಧಿ ಇಲ್ಲದಿದ್ದರೆ ಕೇಳುವವನಿಗಾದರೂ ಬೇಡವೇ ಅಂದರೆ, ಕೇಳುವವರು ಊರವರು, ಅವರಿಗೆ ಬೇಕಾಗಿದ್ದೂ ಅದೇ. ಊರ ದೊಡ್ಡ ಮತದ ಸಮಿತಿ ಆ ಕೋಣೆಯ ಪಕ್ಕದ ಖಾಲಿ ಜಾಗದಲ್ಲಿ ಸಭಾಭವನ ಕಟ್ಟಲು ಹೊರಟಿತ್ತು. ನಡುವೆ ಈ ಹಂಚಿನ ಕೋಣೆ ಕಣ್ಣಿಗೆ ಬಿದ್ದ ಕಸ. ಕೆಲವು ದಿನ ಬಿಟ್ಟು ಇನ್ನೊಂದು ನಿಯಮ ಬಂತು: ಒಂದ್ಸಲದವರು ಅನುಮತಿ ಇಲ್ಲದೆ ಮನೆಯಲ್ಲೂ ಐದು ಜನಕ್ಕಿಂತ ಹೆಚ್ಚು ಸೇರಬಾರದು.

ಅಪ್ಪ ಅಚ್ಚುಕಟ್ಟಾಗಿ ಒಂದು ಅರ್ಜಿ ಬರೆದು ಕಚೇರಿಯ ಮೂರನೇ ಕಿಟಕಿಯಲ್ಲಿ ಕೊಟ್ಟು ಬಂದ. ಕಿಟಕಿಯವನು ಕೊಟ್ಟು ಹೋಗಿ ಅಂದ, ಅಪ್ಪ ಕೊಟ್ಟು ಬಂದ. ರಶೀದಿ ಇಸ್ಕೊಂಡ್ಯಾ ಅಪ್ಪ ಅಂತ ಬೈಂಡಕ್ಕ ಕೇಳಿದ್ದಕ್ಕೆ, ಅರ್ಜಿ ಕೊಟ್ಟಿದ್ದೇ ಕೇಳಿದ್ದು, ಅದರ ಮೇಲೆ ರಶೀದಿ ಕೇಳಿದರೆ ಎರಡು ಸಲ ಕೇಳಿದ ಹಾಗಾಗಲ್ವಾ ಅಂದ. ಆ ಒಂದು ಚೀಟಿ ಇಲ್ಲದ್ದಕ್ಕೆ ಏನೆಲ್ಲ ಆಯಿತು ನೋಡಿ. ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲ ಅಂದರೆ ಇಲ್ಲ ಅಂತ. ಮೂವತ್ತೆಂಟು ಮನೆಯವರೂ ತಲೆಬಾಗಿ ಸುಮ್ಮನಾದರು.

ಎರಡು ವರ್ಷಕ್ಕೆ ಅಮ್ಮ ತೀರಿಕೊಂಡಳು. ಕೋಣೆಗೆ ಬೀಗ, ಮನೆಯಲ್ಲಿ ಐದೇ ಜನ. ಅಪ್ಪ, ಬೈಂಡಕ್ಕ, ಮತ್ತೆ ಮೂವರು ಅಂತ ಆರಿಸಬೇಕಾಯಿತು. ಹೆಣದ ಸುತ್ತ ಯಾರು ಕೂರಬೇಕು ಅಂತ ಆರಿಸುವ ಕೆಲಸ ಶತ್ರುವಿಗೂ ಬೇಡ. ಉಳಿದವರೆಲ್ಲ ಎದುರು ಬದಿಯ ಗೋಡೆಗೊರಗಿ ದೂರ ದೂರ ನಿಂತಿದ್ದರು, ಗುಂಪು ಅನ್ನಿಸಿಕೊಳ್ಳಬಾರದಲ್ಲ. ಮನೆಯ ಪಕ್ಕದ ಅಂಗಡಿಯ ಟೈಲರ್ ಹೊರಗೆ ಬಂದು ಬೆರಳು ಮಡಚಿ ಎಣಿಸಿದ. ಬೈಂಡಕ್ಕನ ಜೊತೆ ಹದಿನೈದು ವರ್ಷ ಒಂದೇ ನಲ್ಲಿಯ ನೀರು ಹಿಡಿದ ಟೈಲರ್ ಅವನು. ಎಣಿಸಿ ಮುಗಿಸಿ, ಒಳಗೆ ಐದೇ ಇದಾರೆ, ಪರವಾಗಿಲ್ಲ ಅಂತ ಯಾರಿಗೋ ಫೋನಿನಲ್ಲಿ ಹೇಳಿದ. ಅಪ್ಪನನ್ನು ಮಾತ್ರ ಹೀಗೆ ಕಳಿಸುವುದಿಲ್ಲ ಅಂತ ಬೈಂಡಕ್ಕ ಅವತ್ತು ಮನಸ್ಸಿನಲ್ಲೇ ಹಲ್ಲು ಕಚ್ಚಿದಳು. ಆ ಕೋಣೆ ತೆರೆಯಬೇಕು, ಅಪ್ಪ ಇರುವಾಗಲೇ ತೆರೆಯಬೇಕು.

ವಕೀಲಮ್ಮ ಸಿಕ್ಕಿದ್ದು ಹಾಗೇ. ದೊಡ್ಡ ಪಟ್ಟಣದಿಂದ ಹಳೇ ತೀರ್ಪುಗಳ ಪುಸ್ತಕಗಳನ್ನು ಬೈಂಡ್ ಮಾಡಿಸಲು ಬಂದವಳು. ಹರಿದ ಜೀನ್ಸು, ಹೆಗಲಿಗೆ ಚೀಲ, ಮಾತು ಪಟಪಟ. ಬೈಂಡಕ್ಕ ಅಂಟು ಸವರುತ್ತಾ ಸವರುತ್ತಾ ಕೋಣೆಯ ವಿಷಯ ಹೇಳಿದಳು. ವಕೀಲಮ್ಮ ಕೇಳಿದ್ದು ಒಂದೇ ಪ್ರಶ್ನೆ, ಕಚೇರಿಯವರು ಇಲ್ಲ ಅಂತ ಬರೆದುಕೊಟ್ಟಿದಾರಾ ಅಂತ.

ಆಮೇಲೆ ಅವಳು ಕೂತು ಬಿಡಿಸಿ ಹೇಳಿದಳು. ಈ ದೇಶ ಬೇರೆ ದೇಶಗಳ ಜೊತೆ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದೆ. ಸಣ್ಣ ಮತದವರು ತಮ್ಮವರ ಜೊತೆ ಸೇರಿ ತಮ್ಮ ಧರ್ಮ ನಡೆಸುವುದನ್ನು ತಡೆಯುವ ಹಾಗಿಲ್ಲ ಅಂತ ಅದರಲ್ಲಿದೆ. ಶಾಂತಿ ಸುವ್ಯವಸ್ಥೆ ಅಂತ ಹೇಳಿ ಮುಚ್ಚುವುದಕ್ಕೂ ಅವಕಾಶ ಉಂಟು, ಆದರೆ ಬಾಯಲ್ಲಿ ಹೇಳಿದರೆ ಸಾಲದು, ಕಾರಣ ತೋರಿಸಬೇಕು. ಆ ಒಪ್ಪಂದವನ್ನು ನೋಡಿಕೊಳ್ಳುವ ಸಮಿತಿಯೊಂದು ಹೊರದೇಶದಲ್ಲಿದೆ. ಅದಕ್ಕೆ ಯಾರು ಬೇಕಾದರೂ ದೂರು ಬರೆಯಬಹುದು. ಒಂದೇ ಷರತ್ತು: ಮೊದಲು ನಿಮ್ಮ ದೇಶದ ಬಾಗಿಲುಗಳನ್ನೆಲ್ಲ ತಟ್ಟಿರಬೇಕು. ಕಚೇರಿಯಲ್ಲಿ ಕೇಳಬೇಕು, ಅದರ ಮೇಲಿನವನ ಹತ್ತಿರ ಕೇಳಬೇಕು, ಕೋರ್ಟಿನಲ್ಲಿ ಕೇಳಬೇಕು, ಅದರ ಮೇಲಿನ ಕೋರ್ಟಿನಲ್ಲೂ ಕೇಳಬೇಕು. ಎಲ್ಲ ಕಡೆಯೂ ಇಲ್ಲ ಅನ್ನಿಸಿಕೊಂಡು ಬಂದರೆ ಮಾತ್ರ ಅವರು ಕೇಳುತ್ತಾರೆ.

ಬೈಂಡಕ್ಕ ಕುಂಚ ಕೆಳಗಿಟ್ಟಳು. ಅಂದ್ರೆ ನಾಲ್ಕು ಸಲ ಕೇಳಬೇಕಾ ಅಂತ ಕೇಳಿದಳು. ನಾಲ್ಕಾದರೂ ಆಗುತ್ತೆ, ಹತ್ತಾದರೂ ಆಗುತ್ತೆ ಅಂದಳು ವಕೀಲಮ್ಮ. ಆ ಸಮಿತಿ ಹೇಳಿದರೂ ಸರ್ಕಾರ ಕೇಳುತ್ತೆ ಅಂತ ನಂಬಿಕೆ ಇಲ್ಲ, ವರ್ಷಗಟ್ಟಲೆ ಹಿಡಿಯುತ್ತೆ ಅಂತಲೂ ಹೇಳಿದಳು. ಆದರೆ ಅಷ್ಟು ದೂರದಲ್ಲಿ ಕೂತವರು ಇದು ತಪ್ಪು ಅಂತ ಬರೆದರೆ, ಇಲ್ಲಿಯವರು ಉತ್ತರ ಹೇಳಲೇಬೇಕಾಗುತ್ತದೆ. ಈಗ ನಿಮ್ಮ ಕೈಯಲ್ಲಿ 'ಇಲ್ಲ' ಅನ್ನುವ ಕಾಗದವೂ ಇಲ್ಲವಲ್ಲ ಅಮ್ಮ ಅಂದಳು.

ಧರ್ಮ ಉಳಿಸಿಕೊಳ್ಳುವುದಕ್ಕೆ ಧರ್ಮ ಮುರಿಯಬೇಕು. ಎಂಥ ಇಕ್ಕಟ್ಟು ನೋಡಿ, ಅತ್ತ ದರಿ ಇತ್ತ ಪುಲಿ. ಬೈಂಡಕ್ಕ ಮೂರು ದಿನ ನಿದ್ದೆಗೆಟ್ಟಳು, ನಾಲ್ಕನೇ ದಿನ ತಾನೇ ಒಂದು ಅರ್ಜಿ ಬರೆದು ಕಚೇರಿಗೆ ಹೋದಳು.

ಕಚೇರಿಯ ಯಜಮಾನನಿಗೆ ಊರೆಲ್ಲ ಕರೆಯುತ್ತಿದ್ದ ಹೆಸರು 'ನೋಡೋಣ ಸಾಹೇಬ'. ಮಳೆ ಬಂತು ಸಾರ್ ಅಂದರೂ ನೋಡೋಣ ಅನ್ನುವ ಪೈಕಿ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆಗುತ್ತದೆ ಅಂತಲೂ ಅವನು ಬರೆದವನಲ್ಲ, ಆಗುವುದಿಲ್ಲ ಅಂತಲೂ ಬರೆದವನಲ್ಲ. ಬರೆದರೆ ತಾನೇ ತಗಲಿಕೊಳ್ಳುವುದು! ಬೈಂಡಕ್ಕನ ಅರ್ಜಿಯನ್ನು ಅವನು ಎರಡು ಬೆರಳಲ್ಲಿ ಎತ್ತಿ ನೋಡಿದ. ಕೋಣೆ ನಿನ್ನ ಹೆಸರಲ್ಲಿಲ್ಲ, ಹೆಸರಿದ್ದವನು ನಿನ್ನಪ್ಪ, ಅವನು ಬರಲಿ ಅಂದ. ಅಪ್ಪ ನಾಲ್ಕು ವರ್ಷದ ಹಿಂದೆಯೇ ಕೊಟ್ಟಿದ್ದಾರಲ್ಲ ಸಾರ್ ಅಂದಳು. ಯಾವ ಅರ್ಜಿ, ಎಲ್ಲಿ ರಶೀದಿ, ನಂಬರೆಷ್ಟು ಅಂದ. ನಂಬರಿಲ್ಲದಿದ್ದರೆ ಅರ್ಜಿ ಬಂದೇ ಇಲ್ಲ, ಬಂದೇ ಇಲ್ಲ ಅಂದಮೇಲೆ ಹೊಸದಾಗಿ ಕೊಡುವ ಕಾಲ ಯಾವಾಗಲೋ ಮೀರಿದೆ. ಹಾಗಂತ ಬರೆದುಕೊಡಿ ಸಾರ್ ಅಂತ ಬೈಂಡಕ್ಕ ಅಂದಾಗ ಅವನು ಫ್ಯಾನು ನೋಡುತ್ತಾ, ನೋಡೋಣ ಅಂದ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಂಚೆಯೇ ಬಂದಿತ್ತು. ಊರವರ ದ್ವೇಷ ಹಳೆಯದು, ಅದರ ಅಭ್ಯಾಸವಿತ್ತು. ತಮ್ಮವರದು ಹೊಸದು. ಅವರ ಮತದ ಹೆಂಗಸರು ನಲ್ಲಿಯ ಹತ್ತಿರ ಅವಳನ್ನು ಕಂಡು ಕೊಡ ಎತ್ತಿಕೊಂಡು ಎದ್ದರು. ಬೀದಿಬೀದಿಯಲ್ಲಿ ಕೈಚಾಚಿ ನಮ್ಮ ಮಾನ ಕಳೆದಳು ಅಂತ ಒಬ್ಬಳು ಕೇಳುವ ಹಾಗೆಯೇ ಹೇಳಿದಳು. ಅತ್ತರೆ ತಾನೇ ತಾಯಿಯೂ ಹಾಲು ಕೊಡೋದು ಅಂತ ಬೈಂಡಕ್ಕ ಅಂದದ್ದು ಅವಳ ಬೆನ್ನಿಗೆ ಬಿತ್ತು. ಅಪ್ಪ ಬೈಯಲಿಲ್ಲ. ತಟ್ಟೆ ಮುಂದಿಟ್ಟರೆ ಉಂಡ, ಮುಖ ಎತ್ತಲಿಲ್ಲ.

"ನೀನು ಬಂದು ಒಂದು ಸಹಿ ಹಾಕಿದ್ರೆ ಸಾಕು ಅಪ್ಪ," ಅಂದಳು.

"ನಾನು ಕೇಳಿ ಆಗಿದೆ," ಅಂದ ಅಪ್ಪ. "ಅವರು ಉತ್ತರ ಕೊಟ್ಟೂ ಆಗಿದೆ."

"ಎಲ್ಲಿ ಕೊಟ್ರು?"

"ಕೊಡದೆ ಇದ್ದದ್ದೇ ಉತ್ತರ ಕಣಮ್ಮ." ಅಷ್ಟು ಹೇಳಿ ಎದ್ದು ಕೈ ತೊಳೆದ. ಅವತ್ತಿನಿಂದ ಅಪ್ಪ ಮಗಳ ನಡುವೆ ಕೋಣೆಯ ಮಾತು ನಿಂತಿತು. ಚಳಿಗಾಲದಲ್ಲಿ ಅಪ್ಪನಿಗೆ ಉಸಿರಾಟದ ತೊಂದರೆ ಹಿಡಿದು ಎರಡು ವಾರ ಮಲಗಿದ. ಪ್ರತಿ ಸಲ ಕೆಮ್ಮಿದಾಗಲೂ ಬೈಂಡಕ್ಕನಿಗೆ ಟೈಲರ್ ಬೆರಳು ಮಡಚುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಅದಾದ ಮೇಲೆ ಒಂದು ದಿನ ಕಚೇರಿಯ ಜವಾನ ಒಂದು ಗೋಣಿಚೀಲ ತಂದು ಅಂಗಡಿಯ ಹೊಸ್ತಿಲ ಮೇಲೆ ದೊಪ್ಪನೆ ಹಾಕಿದ. ಮೇಲಿನಿಂದ ದಾಖಲೆ ತಪಾಸಣೆಗೆ ಬರುತ್ತಾರಂತೆ, ಹಳೇ ಆವಕ ರಿಜಿಸ್ಟರು ಆರೂ ಚಿಂದಿಯಾಗಿವೆ, ಹತ್ತು ದಿನದಲ್ಲಿ ಬೈಂಡಾಗಬೇಕು ಅಂದ. ಆವಕ ರಿಜಿಸ್ಟರು ಅಂದರೆ ಕಚೇರಿಗೆ ಬಂದ ಕಾಗದವನ್ನೆಲ್ಲ ನಂಬರು ಹಾಕಿ ಬರೆಯುವ ಪುಸ್ತಕ. ಯಾರ ಅಂಗಡಿಗೆ ಕೊಡುತ್ತಿದ್ದೇವೆ ಅಂತ ಒಬ್ಬನಿಗೂ ಹೊಳೆಯಲಿಲ್ಲ ನೋಡಿ! ಬೈಂಡಕ್ಕ ಅವರ ಕಣ್ಣಿಗೆ ಸೂಜಿ ದಾರದಷ್ಟೇ.

ಮೂರನೇ ರಿಜಿಸ್ಟರು ನಾಲ್ಕು ವರ್ಷದ ಹಿಂದಿನದು. ಬೆನ್ನು ಪೂರ್ತಿ ಬಿಟ್ಟಿತ್ತು. ಬೈಂಡಕ್ಕ ಹಾಳೆಗಳನ್ನು ಬಿಡಿಸಿ, ಫಾರಂ ಫಾರಂ ಆಗಿ ಜೋಡಿಸುತ್ತಾ ಕೂತಳು. ಎಂಟು ದೊಡ್ಡ ಕಾಗದವನ್ನು ಒಂದರೊಳಗೊಂದು ಇಟ್ಟು ನಡುವೆ ಮಡಚಿದರೆ ಹದಿನಾರು ಹಾಳೆ, ಅದು ಒಂದು ಫಾರಂ. ಮೂವತ್ತಮೂರು, ಮೂವತ್ತನಾಲ್ಕು ಅಂತ ಸಂಖ್ಯೆ ನೋಡುತ್ತಾ ಬಂದ ಕಣ್ಣು ಮೂವತ್ತೈದರಲ್ಲಿ ಜಾರಿತು. ತಮ್ಮ ಬೀದಿಯ ಹೆಸರು. ಅಪ್ಪನ ಹೆಸರು. ಪ್ರಾರ್ಥನೆಯ ಕೋಣೆ ತೆರೆಸಿಕೊಡುವ ಬಗ್ಗೆ. ನಂಬರಿತ್ತು, ತಾರೀಕಿತ್ತು. ಕೊನೆಯ ಅಂಕಣದಲ್ಲಿ ನೋಡೋಣ ಸಾಹೇಬನ ಹಸಿರು ಶಾಯಿ. ಬರೆಯದವನು ಬರೆದಿದ್ದ! ಇದು ಒಳಗಿನ ಪುಸ್ತಕ, ಯಾರು ನೋಡುತ್ತಾರೆ ಅನ್ನುವ ಧೈರ್ಯ. ಮೇಸ್ತ್ರಿಯ ಮಾತು ಮೂವತ್ತು ವರ್ಷದಲ್ಲಿ ಮೊದಲ ಸಲ ಮುರಿದು ಅವಳು ಓದಿದಳು. ಓದಿ, ಮತ್ತೆ ಓದಿದಳು. ಅಂಟು ಡಬರಿಯಲ್ಲಿ ಒಣಗಿ ಕೆನೆಗಟ್ಟುವವರೆಗೆ ಅಲ್ಲಾಡದೆ ಕೂತಿದ್ದಳು.

ಮೊದಲು ಕೈ ಹೋದದ್ದು ಹಾಳೆಯನ್ನು ಸೆರಗಿನೊಳಗೆ ಸೇರಿಸುವುದಕ್ಕೆ. ಸುಳ್ಳೇಕೆ ಹೇಳಲಿ, ಅರ್ಧ ಸೇರಿಸಿಯೂ ಆಗಿತ್ತು. ಆಮೇಲೆ ವಕೀಲಮ್ಮನಿಗೆ ಫೋನು ಮಾಡಿದಳು. ಕದ್ದ ಹಾಳೆ ಕದ್ದದ್ದೇ ಅಂದಳು ವಕೀಲಮ್ಮ, ನೀವೇ ಬರೆದುಕೊಂಡಿದೀರಿ ಅಂತ ನಿಮ್ಮ ಮೇಲೇ ಕೇಸು ಹಾಕುತ್ತಾರೆ. ಅವರೇ ಮುದ್ರೆ ಒತ್ತಿ ಕೊಟ್ಟ ನಕಲು ಬೇಕು. ಆದರೆ ನಕಲು ಕೇಳಿದ ದಿನವೇ ಅವರು ಆ ಹಾಳೆ ಕಿತ್ತು ಸುಟ್ಟುಬಿಟ್ಟರೆ ಏನು ಮಾಡುವುದು ಅಂತ ಅವಳಿಗೂ ಗೊತ್ತಿರಲಿಲ್ಲ.

ಬೈಂಡಕ್ಕನಿಗೆ ಗೊತ್ತಿತ್ತು. ಅದು ಕಾನೂನಿನ ವಿಷಯವಲ್ಲ, ಹೊಲಿಗೆಯ ವಿಷಯ. ಮಡಚಿದ ಕಾಗದದಲ್ಲಿ ಒಂದು ಹಾಳೆ ಯಾವತ್ತೂ ಒಂಟಿಯಲ್ಲ, ಫಾರಂನ ಇನ್ನೊಂದು ಬದಿಯಲ್ಲಿ ಅದರ ಜೋಡಿ ಇರುತ್ತದೆ. ಒಂದನ್ನು ಕಿತ್ತರೆ ಇನ್ನೊಂದು ದಾರದಿಂದ ಕಳಚಿಕೊಂಡು ಬೀಳುತ್ತದೆ. ಮೂವತ್ತೈದರ ಜೋಡಿ ನಲವತ್ತಾರು. ಓದಿದ್ದೇ ಓದಿದ್ದಾಯಿತು ಅಂತ ಅದನ್ನೂ ತಿರುವಿ ನೋಡಿದಳು. ನೋಡಿ, ಐವತ್ತಮೂರರ ಹೆಂಗಸು ಅಂಗಡಿಯಲ್ಲಿ ಒಬ್ಬಳೇ ನಕ್ಕಳು. ನಲವತ್ತಾರರಲ್ಲಿ ದೊಡ್ಡ ಮತದ ಸಮಿತಿಯ ಅರ್ಜಿಯಿತ್ತು, ಸಭಾಭವನಕ್ಕೆ ಜಾಗ ಬೇಕು ಅಂತ. ಬಂದ ಮೂರನೇ ದಿನಕ್ಕೆ ಅದೇ ಹಸಿರು ಶಾಯಿಯಲ್ಲಿ ಮಂಜೂರು. ಸಮಿತಿಯ ಕಾರ್ಯದರ್ಶಿ ನೋಡೋಣ ಸಾಹೇಬನ ಬಾಮೈದ. ಭವನಕ್ಕೆ ಜಾಗ ಸಿಕ್ಕಿದ್ದಕ್ಕೆ ಇದ್ದ ಮೂಲ ದಾಖಲೆ ಅದೊಂದೇ, ಅದಾಗಲೇ ಎರಡು ಅಂತಸ್ತು ಎದ್ದು ನಿಂತಿತ್ತು. ಅವರಿಗೆ ಕೊಟ್ಟದ್ದೂ ಇವರಿಗೆ ಕೊಡದ್ದೂ ಒಂದೇ ಕಾಗದದ ಮೇಲಿತ್ತು.

ಅವಳು ಆ ರಿಜಿಸ್ಟರನ್ನು ಹೊಲಿದ ಹಾಗೆ ಜನ್ಮದಲ್ಲಿ ಇನ್ನೊಂದನ್ನು ಹೊಲಿದಿರಲಿಲ್ಲ. ದಾರಕ್ಕೆ ಎರಡು ಸಲ ಮೇಣ ಎಳೆದಳು, ಪ್ರತಿ ಫಾರಂಗೂ ಗಂಟು ಹಾಕಿದಳು. ಪದ್ಧತಿಯ ಪ್ರಕಾರ ಕೊನೆಯ ಹಾಳೆಯಲ್ಲಿ ಈ ಪುಸ್ತಕದಲ್ಲಿ ನೂರ ತೊಂಬತ್ತೆರಡು ಹಾಳೆಗಳಿವೆ, ಒಂದೂ ಕಡಿಮೆ ಇಲ್ಲ ಅಂತ ಬರೆದು ಸಹಿ ಮಾಡಿ ಅಂಗಡಿಯ ಮುದ್ರೆ ಒತ್ತಿದಳು. ಹತ್ತನೇ ದಿನ ಆರೂ ಪುಸ್ತಕ ಹೊತ್ತುಕೊಂಡು ತಾನೇ ಕಚೇರಿಗೆ ಹೋದಳು. ನೋಡೋಣ ಸಾಹೇಬ ಹಾಳೆ ಸರಿಯಿದೆ ಅಂತ ಅವಳ ಮುದ್ರೆಯ ಪಕ್ಕ ಸಹಿ ಹಾಕಿದ, ಆರಕ್ಕೂ, ಮುಖ ಎತ್ತದೆ. ಮೂವತ್ತು ವರ್ಷದಿಂದ ನಡೆದು ಬಂದ ಪದ್ಧತಿ, ಯಾರು ನೋಡುತ್ತಾರೆ. ಅವನು ಪೆನ್ನಿನ ಮುಚ್ಚಳ ಹಾಕುವ ತನಕ ಕಾದು, ಅವಳು ಬ್ಲೌಸಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮೂರನೇ ಪುಸ್ತಕದ ಮೂವತ್ತೈದನೇ ಹಾಳೆಯ ದೃಢೀಕೃತ ನಕಲು ಕೋರಿ.

ನೋಡೋಣ ಸಾಹೇಬ ಪುಸ್ತಕ ತೆರೆದ. ಓದಿದ. ಕಿವಿ ಕೆಂಪಾಯಿತು.

"ಇದನ್ನ ಓದೋಕೆ ಯಾರು ಹೇಳಿದ್ರು ನಿನಗೆ?"

"ನನ್ನಪ್ಪನ ಹೆಸರಿದೆ ಸಾರ್ ಅದರಲ್ಲಿ. ನಕಲು ಕೊಡಿ. ಆಗಲ್ಲ ಅಂದ್ರೆ ಆಗಲ್ಲ ಅಂತ ಬರೆದುಕೊಡಿ, ನನಗೆ ಅದೂ ಆಗುತ್ತೆ."

ಅವನು ಎದ್ದು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಒಳಗಿನ ಕೋಣೆಗೆ ಹೊರಟ. ನಾಳೆ ಬಾ, ನೋಡೋಣ ಅಂದ. ಬಾಗಿಲು ಮುಚ್ಚುವ ಮುಂಚೆ ಬೈಂಡಕ್ಕ ಕೂತಲ್ಲಿಂದಲೇ ಹೇಳಿದಳು. ದನಿ ಏರಿಸಲಿಲ್ಲ, ಕೆಲಸದ ಮಾತು ಹೇಳುವ ಹಾಗೇ ಹೇಳಿದಳು.

"ಹಾಳೆ ಕಿತ್ತರೆ ಜೋಡಿ ಹಾಳೆ ಉದುರುತ್ತೆ ಸಾರ್. ಮೂವತ್ತೈದು ಹೋದ್ರೆ ನಲವತ್ತಾರೂ ಹೋಗುತ್ತೆ. ಎಷ್ಟು ಹಾಳೆ ಅಂತ ನೀವೇ ಈಗ ಸಹಿ ಹಾಕಿದೀರಿ. ಕೀಳೋ ಮುಂಚೆ ನಲವತ್ತಾರು ಒಂದ್ಸಲ ಓದ್ಕೊಳ್ಳಿ."

ಬಾಗಿಲ ಸಂದಿಯಲ್ಲಿ ನಿಂತೇ ಅವನು ಹಾಳೆ ತಿರುವಿದ. ಎರಡೂ ಕಡೆ ಬೆರಳಿಟ್ಟು ಹಿಂದೆ ಮುಂದೆ ನೋಡಿದ. ನೋಡೋಣ ಅನ್ನುವವನು ಜೀವನದಲ್ಲಿ ಮೊದಲ ಸಲ ನಿಜವಾಗಿ ನೋಡಿದ ಅನ್ನಿ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎರಡು ಬೆರಳಿನ ನಡುವೆ ಇತ್ತು, ವಾರ ಬಿಟ್ಟು ತಪಾಸಣೆಯವರು ಬರುವವರಿದ್ದರು. ಹತ್ತು ನಿಮಿಷ ಬಿಟ್ಟು ಜವಾನ ನಕಲು ತಂದುಕೊಟ್ಟ, ಮುದ್ರೆ ಸಮೇತ. ಹೊರಡುವಾಗ ನೋಡೋಣ ಸಾಹೇಬ ಇವತ್ತಿನಿಂದ ನಿನ್ನ ಅಂಗಡಿಗೆ ಸರ್ಕಾರದ ಒಂದು ಹಾಳೆ ಬಂದರೆ ನನ್ನ ಹೆಸರು ಬದಲಾಯಿಸು ಅಂದ. ನಿಮ್ಮ ಹೆಸರನ್ನ ಊರವರು ಯಾವಾಗಲೋ ಬದಲಾಯಿಸಿದಾರೆ ಸಾರ್ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಅವನು ತಾನು ಆಡಿದ ಮಾತನ್ನು ಉಳಿಸಿಕೊಂಡ. ಅವತ್ತಿನಿಂದ ಕಚೇರಿಯ ಕೆಲಸ ಪಟ್ಟಣಕ್ಕೆ ಹೋಯಿತು. ಟೈಲರ್ ಅವಳ ಬಾಗಿಲ ಮುಂದೆ ಕತ್ತರಿಸಿದ ಬಟ್ಟೆಯ ಕಸ ಗುಡಿಸಿ ಬಿಡತೊಡಗಿದ. ಒಂದು ಬೆಳಿಗ್ಗೆ ಅಂಗಡಿಯ ಹಲಗೆಗೆ ಯಾರೋ ಸಗಣಿ ಬಳಿದಿದ್ದರು. ಅವಳು ತೊಳೆದು ಒಳಗೆ ಹೋದಳು.

ನಕಲನ್ನು ವಕೀಲಮ್ಮ ಓದಿ ಕುಣಿದಳು. ನಮಗೆ ಬೇಕಾಗಿದ್ದ 'ಇಲ್ಲ' ಇದೇ, ಬರೆದು ಕೊಟ್ಟ 'ಇಲ್ಲ' ಅಂದಳು. ನಕಲು ಕೈಗೆ ಬಂದ ಮೂವತ್ತು ದಿನದಲ್ಲಿ ಇದರ ಮೇಲೆ ಮೇಲ್ಮನವಿ ಕೊಡಬೇಕು, ಅದನ್ನು ಮೂರನೇ ಕಿಟಕಿಯಲ್ಲಿ ಕೋಣೆಯ ಹೆಸರಿದ್ದವರೇ ಸಹಿ ಹಾಕಿ ಖುದ್ದಾಗಿ ಕೊಡಬೇಕು. ಅಪ್ಪ ಬರದಿದ್ದರೆ ಇಲ್ಲಿಗೆ ಮುಗಿಯಿತು. ಕೋರ್ಟೂ ಇಲ್ಲ, ಹೊರದೇಶದ ಸಮಿತಿಯೂ ಇಲ್ಲ.

ಇಪ್ಪತ್ತೆಂಟು ದಿನ ಬೈಂಡಕ್ಕ ನಕಲನ್ನು ಡಬ್ಬಿಯಲ್ಲಿಟ್ಟುಕೊಂಡು ಓಡಾಡಿದಳು. ಅಪ್ಪನಿಗೆ ತೋರಿಸಲು ಹೆದರಿಕೆ. ಅಪ್ಪ ಬೇಡ ಅಂತಾನೆ ಅನ್ನುವ ಹೆದರಿಕೆ ಅಷ್ಟಲ್ಲ, ಅದರಲ್ಲಿ ಬರೆದದ್ದನ್ನು ಅಪ್ಪ ಓದಬೇಕಲ್ಲ ಅಂತ ಹೆದರಿಕೆ. ಇಪ್ಪತ್ತೊಂಬತ್ತನೇ ದಿನ ಬೆಳಿಗ್ಗೆ ಅಪ್ಪ ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದ. ಅವಳು ಕಾಗದವನ್ನು ಮಡಿಲಲ್ಲಿಟ್ಟು, ಭೂತಗನ್ನಡಿ ಕೈಗೆ ಕೊಟ್ಟಳು.

"ನೀನು ಕೇಳಿದ್ದಕ್ಕೆ ಉತ್ತರ ಅಪ್ಪ. ಅವರು ಕೊಟ್ಟಿದ್ರು. ನಮಗೆ ತೋರಿಸಿರಲಿಲ್ಲ ಅಷ್ಟೆ."

ಅಪ್ಪ ಒಂದೊಂದೇ ಅಕ್ಷರ ದಾಟಿ ಓದಿದ. ಹಸಿರು ಶಾಯಿಯಲ್ಲಿ ಇದ್ದದ್ದು ಮೂರೇ ಸಾಲು. ತಿರಸ್ಕರಿಸಿದೆ. ಅರ್ಜಿದಾರರಿಗೆ ತಿಳಿಸುವ ಅಗತ್ಯವಿಲ್ಲ. ಇವರು ಎರಡನೇ ಸಲ ಕೇಳುವ ಜನ ಅಲ್ಲ, ಕಡತ ಮುಗಿಸಿ.

ಭೂತಗನ್ನಡಿ ಮೂರನೇ ಸಾಲಿನ ಮೇಲೆ ಬಹಳ ಹೊತ್ತು ನಿಂತಿತು. ಬೈಂಡಕ್ಕನಿಗೆ ಆ ಕಾಗದ ಕಿತ್ತು ಎಸೆಯೋಣ ಅನ್ನಿಸಿತು. ಎಂಬತ್ತೊಂದು ವರ್ಷ ಮರ್ಯಾದೆ ಅಂತ ಹೊತ್ತುಕೊಂಡು ಬಂದದ್ದನ್ನು ಯಾವನೋ ಒಬ್ಬ ಕಾಲು ಮೇಲೆ ಕಾಲು ಹಾಕಿಕೊಂಡು ಹೀಗೆ ಬರೆದಿದ್ದ.

"ನಿನ್ನಮ್ಮ ಹೋದಾಗ ಎಷ್ಟು ಜನ ಇದ್ವಿ?" ಅಂತ ಕೇಳಿದ ಅಪ್ಪ.

"ಐದು."

"ನಾವು ಕೇಳಲ್ಲ ಅಂತ ಗೊತ್ತಿತ್ತು ಇವರಿಗೆ," ಅಂದ ಅಪ್ಪ. "ಗೊತ್ತಿದ್ದೇ ಬೀಗ ಹಾಕಿದ್ರು." ಆಮೇಲೆ ಕೋಲು ಎಲ್ಲಿ ಅಂದ.

ಮೂರನೇ ಕಿಟಕಿಯ ಮುಂದೆ ಅವತ್ತು ಸಾಲು ಉದ್ದವಿತ್ತು. ಒಂದ್ಸಲದ ಅಜ್ಜ ಬಂದ ನೋಡ್ರೋ ಅಂತ ಯಾರೋ ಹಿಂದಿನಿಂದ ಅಂದರು, ನಾಲ್ಕು ಜನ ನಕ್ಕರು. ಯಾರೂ ಜಾಗ ಬಿಡಲಿಲ್ಲ. ಅಪ್ಪ ಒಂದೂವರೆ ಗಂಟೆ ಕೋಲೂರಿ ನಿಂತ. ಅವನ ಸರದಿ ಬಂದಾಗ ಕಿಟಕಿಯವನು ಕಾಗದ ಇಸಿದುಕೊಂಡು, ಸರಿ, ಕೊಟ್ಟು ಹೋಗಿ ಅಂದ. ಅದೇ ಮನುಷ್ಯ, ಅದೇ ಮಾತು.

ಅಪ್ಪ ಹೋಗಲಿಲ್ಲ.

"ರಶೀದಿ ಕೊಡಿ," ಅಂದ.

ಕಿಟಕಿಯವನು ಕೇಳಿಸದವನ ಹಾಗೆ ಹಿಂದಿನವನನ್ನು ಕರೆದ. ಬೈಂಡಕ್ಕ ಅಪ್ಪನ ಭುಜದ ಹತ್ತಿರವೇ ನಿಂತಿದ್ದಳು. ಅವಳು ಬಾಯಿ ಹಾಕಲಿಲ್ಲ. ಅಪ್ಪನ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

"ರಶೀದಿ ಕೊಡಿ," ಅಂದ ಅಪ್ಪ ಎರಡನೇ ಸಲ.

ಸಾಲಿನಲ್ಲಿ ನಗು ನಿಂತಿತು. 'ಆಮೇಲೆ ಬಾ ಅಜ್ಜ' ಅಂತ ಕಿಟಕಿಯವನು ಕೈ ಬೀಸಿದ. ಅಪ್ಪ ಕೋಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು ಮೂರನೇ ಸಲ ಕೇಳಿದ. ಕಿಟಕಿಯವನು ಒಳಗೆ ನೋಡೋಣ ಸಾಹೇಬನ ಕಡೆ ನೋಡಿದ. ಸಾಹೇಬ ಫ್ಯಾನು ನೋಡುತ್ತಿದ್ದ. ಕೊನೆಗೆ ಕಿಟಕಿಯವನೇ ಮುದ್ರೆ ಎತ್ತಿ ಒಂದು ಚೀಟಿಯ ಮೇಲೆ ಒತ್ತಿ, ನಂಬರು ಬರೆದು ಕಂಬಿಯ ಸಂದಿಯಿಂದ ನೂಕಿದ.

ಅಪ್ಪ ಚೀಟಿಯನ್ನು ಅಂಗಿಯ ಒಳಜೇಬಿಗೆ ಹಾಕಿ, ಮೇಲಿಂದ ಎರಡು ಸಲ ತಟ್ಟಿ ನೋಡಿಕೊಂಡ. ಮೈಯೆಲ್ಲ ಬೆವೆತಿತ್ತು. ಮಗಳು ಕೋಲು ಎತ್ತಿಕೊಟ್ಟು, ಮನೆಗೆ ಹೋಗೋಣ ಅಪ್ಪ, ಸುಸ್ತಾಗಿದೀಯ ಅಂದಳು. ಮುದುಕ ಹೊರಡಲು ತಿರುಗಿದವನು ಮತ್ತೆ ಕಿಟಕಿಯ ಕಡೆ ಬಾಗಿದ.

"ಈ ಕಿಟಕಿನ ನಾಳೆ ಎಷ್ಟು ಗಂಟೆಗೆ ತೆಗೀತೀರಿ?" ಅಂತ ಕೇಳಿದ.